ಸೈಟು ಕೊಳ್ಳುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಿ

ಸೈಟು ಕೊಳ್ಳುವಾಗ ಕಾಗದಪತ್ರದ ವಿಷಯದಲ್ಲಿ ನಮ್ಮ ಜನ ಈಗ ಸಾಕಷ್ಟು ಎಚ್ಚರವಾಗಿದ್ದಾರೆ. ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸುತ್ತಾರೆ, ಮೂಲ ಕ್ರಯಪತ್ರವನ್ನು ವಕೀಲರಿಗೆ ತೋರಿಸುತ್ತಾರೆ, ಖಾತೆ, ಭೂಪರಿವರ್ತನೆ ಆದೇಶ, ಚೆಕ್ಕುಬಂದಿ ಎಲ್ಲವನ್ನೂ ತಾಳೆ ನೋಡುತ್ತಾರೆ. ಆದರೆ ಆ ಜಾಗದಲ್ಲಿ ಹಿಂದೆ ಕಲ್ಲುಗಣಿಯ ಗುಂಡಿ ಇತ್ತೇ, ಹಳೇ ಬಾವಿ ಮುಚ್ಚಿದ್ದಾರೆಯೇ, ಹಳ್ಳಕ್ಕೆ ಕಸ ಸುರಿದು ಮಟ್ಟ ಮಾಡಿದ್ದಾರೆಯೇ ಎಂಬುದು ಈ ಯಾವ ಪತ್ರದಲ್ಲೂ ಸಿಗುವುದಿಲ್ಲ. ಜೀವಮಾನದ ಉಳಿತಾಯ, ಅದರ ಮೇಲೆ ಬ್ಯಾಂಕ್ ಸಾಲ. ಇಷ್ಟನ್ನು ಹಾಕುವ ಮುನ್ನ ನೆಲದ ಬಗ್ಗೆ ಬಾಯಿಬಿಟ್ಟು ಕೇಳಲು ಸಂಕೋಚ ಬೇಡ. ಉತ್ತರಿಸುವ ಹೊಣೆಯನ್ನು ಕಾನೂನು ಮಾರುವವರ ಮೇಲೆ ಹೊರಿಸಿದೆ.

ಸ್ವತ್ತು ವರ್ಗಾವಣೆ ಕಾಯ್ದೆ, 1882ರ 55ನೇ ಕಲಂ ನೋಡಿ. ಸ್ವತ್ತಿನಲ್ಲಿ ಮಹತ್ವದ ದೋಷವಿದ್ದು, ಅದು ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂತಿದ್ದರೆ, ಮಾರುವವರು ಅದನ್ನು ತಾವಾಗಿಯೇ ತಿಳಿಸಬೇಕು. ತಿಳಿಸದಿದ್ದರೆ ಅದು ವಂಚನೆ ಎಂದು ಅದೇ ಕಲಂ ಹೇಳುತ್ತದೆ. ಗಣಿಗುಂಡಿಗೆ ಕಸ ತುಂಬಿ, ಮೇಲೆ ಎರಡಡಿ ಕೆಮ್ಮಣ್ಣು ಹರಡಿ ಮಾರಿದ ಸೈಟಿನ ವಿಷಯದಲ್ಲಿ ಈ ವಾದಕ್ಕೆ ಒಳ್ಳೆಯ ಬಲವಿದೆ.

ಆದರೆ ಎರಡು ಕಡೆ ಜಾರಿ ಬೀಳುವ ಅಪಾಯವಿದೆ. ಈ ನಿಯಮ ಅನ್ವಯಿಸುವುದು ಬೇರೆ ಒಪ್ಪಂದ ಇಲ್ಲದಿದ್ದಾಗ ಮಾತ್ರ. ‘ಸ್ವತ್ತನ್ನು ಇದ್ದ ಸ್ಥಿತಿಯಲ್ಲೇ ಪರಿಶೀಲಿಸಿ ಒಪ್ಪಿರುತ್ತೇನೆ’ ಎಂಬ ಸಾಲು ಕ್ರಯದ ಕರಾರಿನಲ್ಲಿದ್ದರೆ ಅದನ್ನು ತೆಗೆಸದೆ ಸಹಿ ಹಾಕಬೇಡಿ. ಇನ್ನೊಂದು, ಕರಾರು ಕಾಯ್ದೆ, 1872ರ 19ನೇ ಕಲಂನಲ್ಲಿರುವ ವಿನಾಯಿತಿ. ಎದುರಿನವರು ಸುಮ್ಮನಿದ್ದು ಮೋಸ ಮಾಡಿದ್ದರೂ, ಸಾಮಾನ್ಯ ಜಾಗರೂಕತೆಯಿಂದ ನಿಮಗೆ ಸತ್ಯ ತಿಳಿಯಬಹುದಿತ್ತು ಎಂದಾದರೆ ಕರಾರನ್ನು ರದ್ದುಪಡಿಸುವ ಅವಕಾಶ ತಪ್ಪುತ್ತದೆ. ಗೊತ್ತಿದ್ದೂ ಬಾಯಿಬಿಟ್ಟು ಸುಳ್ಳು ಹೇಳಿದವರಿಗೆ ಈ ವಿನಾಯಿತಿಯ ಆಸರೆ ಇಲ್ಲ. ಆದ್ದರಿಂದಲೇ ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೇಳಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಕರಾರಿನಲ್ಲಿ ಹೀಗೆ ಬರೆಸಿ: ‘ಈ ಸ್ವತ್ತಿನಲ್ಲಿ ಹಿಂದೆ ಬಾವಿ, ಗಣಿ, ಹಳ್ಳ, ಕೆರೆಯಂಗಳ ಅಥವಾ ಕಸದ ಗುಂಡಿ ಇರಲಿಲ್ಲವೆಂದೂ, ಹೊರಗಿನ ಮಣ್ಣು ತುಂಬಿಸಿಲ್ಲವೆಂದೂ ಮಾರುವವರು ತಿಳಿಸಿರುತ್ತಾರೆ. ಕೊಳ್ಳುವವರು ಮಣ್ಣು ಪರೀಕ್ಷೆ ಮಾಡಿಸಲು ಮಾರುವವರು ಒಪ್ಪಿರುತ್ತಾರೆ. ವರದಿಯಲ್ಲಿ ತುಂಬಿದ ಮಣ್ಣು ಕಂಡುಬಂದರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸತಕ್ಕದ್ದು.’ ಈ ಮಾತಿಗೆ ಸಹಿ ಹಾಕಲು ಹಿಂಜರಿಯುವವರ ಸೈಟನ್ನು ಬಿಟ್ಟುಬಿಡುವುದೇ ಲೇಸು.

ಪರೀಕ್ಷೆ ಎಂದರೆ ಮೇಸ್ತ್ರಿ ಗುದ್ದಲಿಯಿಂದ ಕೆದರಿ ‘ಗಟ್ಟಿ ಇದೆ ಸಾರ್’ ಎನ್ನುವುದಲ್ಲ. ಭೂತಾಂತ್ರಿಕ ಪ್ರಯೋಗಾಲಯದವರು ಕೊಳವೆ ಇಳಿಸಿ, 63.5 ಕೆ.ಜಿ. ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾರೆ. ಮೊದಲ 15 ಸೆಂ.ಮೀ. ಬಿಟ್ಟು, ಮುಂದಿನ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತಾರೆ. ಐ.ಎಸ್. 2131 ಎಂಬ ಮಾನಕದಲ್ಲಿ ಇದರ ವಿಧಾನವಿದೆ. ಜತೆಗೆ ಒಂದು ಪರೀಕ್ಷಾ ಗುಂಡಿ ತೆಗೆಸಿ, ನೀವೇ ಬಗ್ಗಿ ಅದರ ಗೋಡೆ ನೋಡಿ. ಮೂಲ ನೆಲವಾದರೆ ಪದರಗಳು ಒಂದರ ಕೆಳಗೊಂದು ಒತ್ತಾಗಿ ಕೂತಿರುತ್ತವೆ. ಇಟ್ಟಿಗೆ ಚೂರು, ಪ್ಲಾಸ್ಟಿಕ್ ಕವರು, ಟೈಲ್ಸ್ ತುಂಡು ಕಂಡರೆ ಅದು ಭರ್ತಿ ಮಾಡಿದ ಮಣ್ಣು. ಅಳತೆಪಟ್ಟಿ ಇಟ್ಟು ಫೋಟೋ ತೆಗೆದಿಟ್ಟುಕೊಳ್ಳಿ. ವರದಿ ನಿಮ್ಮ ಹೆಸರಿನಲ್ಲೇ ಇರಲಿ, ಸರ್ವೆ ನಂಬರು, ದಿನಾಂಕ, ಎಂಜಿನಿಯರ್ ಸಹಿ, ನೆಲ ತಾಳಬಲ್ಲ ಭಾರ, ಅಂತರ್ಜಲದ ಮಟ್ಟ ಅದರಲ್ಲಿರಲಿ. ಮುಂದೆ ವ್ಯಾಜ್ಯವಾದರೆ ನಿಮ್ಮ ಮುಖ್ಯ ಸಾಕ್ಷ್ಯ ಅದೇ.

ವಿಜಯಪುರ, ಬಾಗಲಕೋಟೆ, ಗದಗ, ರಾಯಚೂರಿನ ಎರೆಭೂಮಿಯಲ್ಲಿ ಮಾರುವವರು ಏನನ್ನೂ ಮುಚ್ಚಿಡಬೇಕಿಲ್ಲ, ನೆಲ ಕಣ್ಣೆದುರೇ ಇರುತ್ತದೆ. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರಿಯುವ ಆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಪಾಯವನ್ನೇ ಎತ್ತುತ್ತದೆ. ಇಲ್ಲಿ ‘ನನಗೆ ಹೇಳಲಿಲ್ಲ’ ಎಂಬ ದೂರು ನಿಲ್ಲುವುದು ಕಷ್ಟ. ಹೊಣೆ ಕಟ್ಟುವವರ ಕಡೆಗೆ ಹೊರಳುತ್ತದೆ. ಮಣ್ಣು ಎಷ್ಟು ಉಬ್ಬುತ್ತದೆ ಎಂಬ ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕ ಪಾಯದ ನಕ್ಷೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ಸಹಿಯೊಂದಿಗೆ ಪಡೆದು ಗುತ್ತಿಗೆ ಪತ್ರಕ್ಕೆ ಲಗತ್ತಿಸಿ.

ಸರ್ಕಾರಿ ದಾಖಲೆಯಿಂದಲೂ ನೆಲದ ಚರಿತ್ರೆ ತಿಳಿಯುತ್ತದೆ. ಗ್ರಾಮ ನಕಾಶೆಯಲ್ಲಿ ಕೆರೆ, ಹಳ್ಳ, ಖರಾಬು ಜಾಗ ಗುರುತಾಗಿರುತ್ತವೆ. ‘ದಿಶಾಂಕ್’ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ನೋಡಬಹುದು. ಆ ನಂಬರಿನಲ್ಲಿ ಎಂದಾದರೂ ಗಣಿ ಗುತ್ತಿಗೆ ಕೊಟ್ಟಿದ್ದರೇ ಎಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಮಾಹಿತಿ ಹಕ್ಕು ಕಾಯ್ದೆ, 2005ರಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಬಹುದು.

ಮೋಸ ಬಯಲಾದರೆ ಎಲ್ಲಿಗೆ ಹೋಗಬೇಕು? ಖಾಸಗಿ ವ್ಯಕ್ತಿಯಿಂದ ಬರೀ ಸೈಟು ಕೊಂಡಿದ್ದರೆ ಸಿವಿಲ್ ನ್ಯಾಯಾಲಯವೇ ದಾರಿ. ಕ್ರಯಪತ್ರ ರದ್ದತಿಗೆ, ವಂಚನೆ ತಿಳಿದಂದಿನಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಗುತ್ತಿಗೆದಾರರ ತಪ್ಪಿನಿಂದ ಪಾಯ ಕುಸಿದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಮನೆ ನಿರ್ಮಾಣವೂ ‘ಸೇವೆ’ಯೇ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದ ಗಡುವಿದೆ. ಪಾಯ ಮುಚ್ಚುವ ಮುನ್ನ ಆಳ, ಅಗಲ, ಕಂಬಿಯ ಫೋಟೋ ತೆಗೆಯದಿದ್ದರೆ ಆಮೇಲೆ ತೋರಿಸಲು ಏನೂ ಉಳಿಯುವುದಿಲ್ಲ. ಬಿಲ್ಡರ್ ಕಟ್ಟಿ ಮಾರಿದ, ರೇರಾ ನೋಂದಣಿಯಾದ ಯೋಜನೆಯಲ್ಲಿ ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ರಚನಾ ದೋಷ ತಿಳಿಸಿದರೆ, 30 ದಿನದಲ್ಲಿ ಅವರೇ ಖರ್ಚು ಹಾಕಿ ಸರಿಪಡಿಸಬೇಕು. ಇಲ್ಲವಾದರೆ ಪರಿಹಾರ ಕೇಳಬಹುದು.

ಪಕ್ಕದ ಸೈಟಿನವರು ಗಡಿಗೆ ತಾಗಿಸಿ ಜೆಸಿಬಿಯಲ್ಲಿ ನೆಲಮಾಳಿಗೆ ತೋಡುವ ಸಂಗತಿಯೂ ನಗರಗಳಲ್ಲಿ ಹೆಚ್ಚಾಗಿದೆ. ಈಸ್‌ಮೆಂಟ್ ಕಾಯ್ದೆ, 1882ರ ಪ್ರಕಾರ ನಿಮ್ಮ ನೆಲಕ್ಕೆ ಪಕ್ಕದ ನೆಲದಿಂದ ಸಹಜವಾಗಿ ಸಿಗುವ ಆಧಾರ ನಿಮ್ಮ ಹಕ್ಕು. ಮೇಲಿನ ಕಟ್ಟಡದ ಭಾರಕ್ಕೆ ಆಧಾರ ಪಡೆಯುವ ಹಕ್ಕು ಬರುವುದು ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಅನುಭವಿಸಿದ ಮೇಲೆ. ತೋಡುವ ಸುಳಿವು ಸಿಕ್ಕ ಕೂಡಲೇ ನಿಮ್ಮ ಗೋಡೆಗಳ ಫೋಟೋ ತೆಗೆದು, ಲಿಖಿತ ನೋಟಿಸ್ ಕೊಟ್ಟು, ಸ್ಥಳೀಯ ಸಂಸ್ಥೆಗೂ ದೂರು ಸಲ್ಲಿಸಿ. ಕೆಲಸ ನಿಲ್ಲದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ತಾತ್ಕಾಲಿಕ ತಡೆಯಾಜ್ಞೆಗೂ, ಸ್ಥಳ ಪರಿಶೀಲನೆಗೆ ಕಮಿಷನರ್ ನೇಮಕಕ್ಕೂ ಒಟ್ಟಿಗೇ ಅರ್ಜಿ ಹಾಕಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.