ಲೆಕ್ಕದ ಪುಸ್ತಕ ಎಲ್ಲಿದೆ?

ಮಕ್ಕಳೇ, ಕೊಯಮತ್ತೂರು ಜಿಲ್ಲೆಯ ನೆಗಮಂ ಹತ್ತಿ ಸೀರೆಗೆ ಹೆಸರಾದ ಊರು. ಮನೆಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರು ಅಲ್ಲಿದ್ದಾರೆ. ಒಂದು ಮನೆಯಲ್ಲಿ ನಾಲ್ಕು ಮಗ್ಗ ಇವೆ ಅಂತಿಟ್ಟುಕೊಳ್ಳಿ. ಒಟ್ಟು ಎಷ್ಟು ನೂಲು ಖರ್ಚಾಯ್ತು ಅಂತ ಗೊತ್ತಾದರೆ ಸಾಲದು. ಯಾವ ಮಗ್ಗಕ್ಕೆ ಎಷ್ಟು ಅಂತ ತಿಳಿಯಬೇಕು.

ಕಂಪ್ಯೂಟರಿನಲ್ಲೂ ಹೀಗೇ. ಲಿನಕ್ಸ್‌ನಲ್ಲಿ ಓಡುವ ಕೆಲಸಗಳನ್ನು ಗುಂಪು ಮಾಡಿ, ಪ್ರತಿ ಗುಂಪಿನ ಲೆಕ್ಕ ಬೇರೆ ಇಡಬಹುದು. ಇದಕ್ಕೆ ಕಂಟ್ರೋಲ್ ಗ್ರೂಪ್, ಚಿಕ್ಕದಾಗಿ ಸಿಗ್ರೂಪ್ ಎನ್ನುತ್ತಾರೆ. ಗೂಗಲ್ ಎಂಜಿನಿಯರುಗಳು 2006ರಲ್ಲಿ ಶುರುಮಾಡಿದ ಈ ಕೆಲಸ 2008ರಲ್ಲಿ ಲಿನಕ್ಸ್ ಕರ್ನಲ್ ಸೇರಿತು. ಎರಡನೇ ಆವೃತ್ತಿ 2016ರಲ್ಲಿ ಬಂತು.

ಮೌಂಟ್ ಪಾಯಿಂಟ್ ಅಂದರೇನು?

ಪೆನ್‌ಡ್ರೈವ್ ಹಾಕಿದಾಗ ಅದರ ಫೈಲುಗಳು ಒಂದು ಫೋಲ್ಡರಿನಲ್ಲಿ ಕಾಣಿಸುತ್ತವಲ್ಲ? ಆ ಫೋಲ್ಡರೇ ಮೌಂಟ್ ಪಾಯಿಂಟ್. ಸಿಗ್ರೂಪ್ ಗುಂಪುಗಳೂ ಫೋಲ್ಡರುಗಳಾಗಿಯೇ ಕಾಣುತ್ತವೆ. ಆದರೆ ಅವು ಡಿಸ್ಕಿನಲ್ಲಿಲ್ಲ, ಕರ್ನಲ್ಲೇ ತೋರಿಸುವಂಥವು.

'ಪರ್ಫ್' ಎಂಬ ಸಾಧನ ಪ್ರೊಸೆಸರ್ ಎಷ್ಟು ದುಡಿಯಿತು ಅಂತ ಎಣಿಸುತ್ತದೆ. ಒಂದೇ ಗುಂಪನ್ನು ಎಣಿಸಬೇಕಾದರೆ ಆ ಗುಂಪಿನ ಫೋಲ್ಡರನ್ನು ಅದು ತೆರೆಯಬೇಕು. ವಿಳಾಸ ತಪ್ಪಿದರೆ ಎಣಿಕೆ ಶುರುವೇ ಆಗೋದಿಲ್ಲ.

ವಿಳಾಸ ಬಾಯಿಪಾಠ ಮಾಡಬಹುದೇ?

ಬೇಡ. ಉಬುಂಟು 22.04ರಲ್ಲಿ ಎಲ್ಲ ಗುಂಪುಗಳೂ /ಸಿಸ್/ಎಫ್‌ಎಸ್/ಸಿಗ್ರೂಪ್ ಒಳಗೇ ಇರುತ್ತವೆ. 18.04ರಲ್ಲಿ ಪರ್ಫ್‌ಗೆ ಬೇಕಾದವು ಅದರೊಳಗಿನ 'ಪರ್ಫ್_ಇವೆಂಟ್' ಎಂಬ ಫೋಲ್ಡರಿನಲ್ಲಿ. ಕಾಸರಗೋಡಿನ ಕನ್ನಡ ಶಾಲೆಗಳ ಲ್ಯಾಬಿನಲ್ಲಿರುವ ಕೈಟ್ ಗ್ನು/ಲಿನಕ್ಸ್ ಕೂಡ ಉಬುಂಟು ಆಧರಿಸಿದ್ದೇ. ಆದ್ದರಿಂದ ಒಂದು ಯಂತ್ರದ ವಿಳಾಸ ಇನ್ನೊಂದಕ್ಕೆ ಹೊಂದಲೇಬೇಕೆಂದಿಲ್ಲ.

ಹಾಗಾದರೆ ಪರ್ಫ್ ಏನು ಮಾಡುತ್ತೆ? ಊಹೆ ಮಾಡದೆ ಕರ್ನಲ್ಲನ್ನೇ ಕೇಳುತ್ತೆ. /ಪ್ರಾಕ್/ಮೌಂಟ್ಸ್ ಎಂಬ ಫೈಲನ್ನು ಸಾಲು ಸಾಲಾಗಿ ಓದುತ್ತೆ. ಪ್ರತಿ ಸಾಲಿನ ಎರಡನೇ ಪದ ಮೌಂಟ್ ಪಾಯಿಂಟ್, ಮೂರನೆಯದು ಅದರ ಬಗೆ, ನಾಲ್ಕನೆಯದು ಆಯ್ಕೆಗಳು.

1. ಬಗೆ 'ಸಿಗ್ರೂಪ್' ಆಗಿದ್ದು, ಆಯ್ಕೆಗಳಲ್ಲಿ 'ಪರ್ಫ್_ಇವೆಂಟ್' ಇದ್ದರೆ ಅದೇ ಜಾಗ.
2. ಅಂಥ ಸಾಲು ಎಲ್ಲೂ ಇಲ್ಲದಿದ್ದರೆ ಮಾತ್ರ 'ಸಿಗ್ರೂಪ್2' ಬಗೆಯ ಸಾಲು.

ಈ ಕ್ರಮ ಮುಖ್ಯ. 18.04ರಲ್ಲಿ ಎರಡೂ ಬಗೆಯ ಸಾಲುಗಳಿರುತ್ತವೆ. ಮೊದಲು ಸಿಕ್ಕ ಸಿಗ್ರೂಪ್2 ಸಾಲಿಗೇ ನಿಂತುಬಿಟ್ಟರೆ ತಪ್ಪು ಮನೆಯ ಬಾಗಿಲು ತಟ್ಟಿದಂತೆ.

ಮಾಡಿ ನೋಡಿ

ಲ್ಯಾಬಿನಲ್ಲಿ ಟರ್ಮಿನಲ್ ತೆರೆದು 'ಕ್ಯಾಟ್ /ಪ್ರಾಕ್/ಮೌಂಟ್ಸ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಇದು ಓದುವ ಆಜ್ಞೆ ಮಾತ್ರ, ಏನೂ ಕೆಡೋದಿಲ್ಲ. ಮೂರನೇ ಪದ ನೋಡಿ ನಿಮ್ಮ ಯಂತ್ರದ ಲೆಕ್ಕದ ಪುಸ್ತಕ ಎಲ್ಲಿದೆ ಅಂತ ಹುಡುಕಿ, ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪಕ್ಕದ ಯಂತ್ರದ ಉತ್ತರವನ್ನು ನಕಲು ಮಾಡಬೇಡಿ, ಅದು ಬೇರೆಯೇ ಇರಬಹುದು!