ಜಕ್ಕಾಯನ ಲೆಕ್ಕ

ಮಕ್ಕಳೇ, ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ನಿಮ್ಮಲ್ಲೊಬ್ಬಳು ಕೇಳಿದ ಪ್ರಶ್ನೆ ವಾರವಿಡೀ ನನ್ನನ್ನು ಬಿಡಲಿಲ್ಲ. "ಅಜ್ಜಾ, ನಂಬಿಕೆಯಿಂದಲೇ ರಕ್ಷಣೆ ಅಂದಮೇಲೆ ನಮ್ಮ ನಡತೆಗೆ ಏನು ಬೆಲೆ?" ಆಗ ಅವಸರದಲ್ಲಿ ಏನೋ ಹೇಳಿ ಹೊರಟುಬಿಟ್ಟೆ. ಈಗ ಕೂತು ಹೇಳುತ್ತೇನೆ.

ಲೂಕನ ಸುವಾರ್ತೆಯ 19ನೇ ಅಧ್ಯಾಯದ ಜಕ್ಕಾಯ ನಿಮಗೆಲ್ಲ ಗೊತ್ತು. ಸಂಡೇ ಸ್ಕೂಲಿನಲ್ಲಿ ಅವನು ಮರ ಹತ್ತಿದ್ದನ್ನು ಹಾಡಿಕೊಂಡೇ ಬೆಳೆದವರು ನೀವು. ಇಳಿದ ಮೇಲೆ ಆದದ್ದನ್ನು ನೋಡಿ. ಈ ದಿನ ನಿನ್ನ ಮನೆಯಲ್ಲಿ ಇಳಿದುಕೊಳ್ಳುತ್ತೇನೆ ಎಂದು ಯೇಸು ಹೇಳಿದಾಗ ಜಕ್ಕಾಯ ಯಾರಿಗೂ ಒಂದು ಕಾಸನ್ನೂ ಹಿಂದಿರುಗಿಸಿರಲಿಲ್ಲ. ಮೊದಲು ತಿದ್ದಿಕೋ, ಆಮೇಲೆ ಬರುತ್ತೇನೆ ಎನ್ನಲಿಲ್ಲ ಕರ್ತನು. ಕೃಪೆಯೇ ಮೊದಲು ಹೊಸ್ತಿಲು ದಾಟಿತು. ಆಗ ಆ ಮನುಷ್ಯ ಎದ್ದು ನಿಂತು ಲೆಕ್ಕ ಹೇಳಿದ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು. ಮೋಸದಿಂದ ಪಡೆದದ್ದನ್ನು ಹಿಂದಿರುಗಿಸುವವನು ಅಸಲಿನ ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕೆಂದು ಯಾಜಕಕಾಂಡದಲ್ಲಿದೆ. ನಾಲ್ಕರಷ್ಟು ಎಂಬುದು ವಿಮೋಚನಕಾಂಡದಲ್ಲಿ ಕುರಿ ಕದ್ದು ಕೊಯ್ದವನಿಗೆ ಹೇಳಿದ ದಂಡ. ಸುಂಕದವರಿಗೆಲ್ಲ ಮುಖ್ಯಸ್ಥನಾಗಿದ್ದವನು ಯಾವ ನೆಪವನ್ನೂ ಒಡ್ಡದೆ ಕಳ್ಳರ ಸಾಲಿನಲ್ಲಿ ತಾನೇ ಹೋಗಿ ನಿಂತ.

ಹಣ ಹಿಂದಕ್ಕೆ ಕೊಟ್ಟವನು ಸುವಾರ್ತೆಯಲ್ಲಿ ಇನ್ನೊಬ್ಬನಿದ್ದಾನೆ. ಇಸ್ಕರಿಯೋತ ಯೂದ. 30 ಬೆಳ್ಳಿ ನಾಣ್ಯವನ್ನೂ ಎಸೆದ, ಪಾಪ ಮಾಡಿದೆನೆಂದು ಬಾಯಿಬಿಟ್ಟು ಹೇಳಿಯೂ ಹೇಳಿದ. ಹೊರಗಿನಿಂದ ನೋಡಿದರೆ ಇಬ್ಬರ ನಡತೆಯೂ ಒಂದೇ. ಆದರೆ ಯೂದ ಹೇಳಿಕೊಂಡದ್ದು ಯಾಜಕರ ಮುಂದೆ. ಕ್ಷಮಿಸಬಲ್ಲವನ ಬಳಿಗೆ ಅವನು ಹೋಗಲೇ ಇಲ್ಲ. ಮೂರು ಸಲ ಕರ್ತನನ್ನು ಅರಿಯೆನೆಂದ ಪೇತ್ರ ಅತ್ತ, ಉಳಿದ ಶಿಷ್ಯರ ಜೊತೆಯಲ್ಲೇ ಇದ್ದ, ದಡದಲ್ಲಿ ಆತನು ನಿಂತಿದ್ದಾನೆಂದು ತಿಳಿದೊಡನೆ ನೀರಿಗೆ ಧುಮುಕಿದ. ಬಿದ್ದವರು ಇಬ್ಬರೂ ಹೌದು. ಬಿದ್ದ ಮೇಲೆ ಯಾರ ಕಡೆಗೆ ಹೋದರು ಎಂಬುದರಲ್ಲಿ ನಂಬಿಕೆ ತಿಳಿಯುತ್ತದೆ.

ನಡತೆಯನ್ನು ಒತ್ತಿಹೇಳುವ ಯಾಕೋಬನ ಪತ್ರಿಕೆಯನ್ನು ಲೂಥರ್ 1522ರಲ್ಲಿ ಒಣಹುಲ್ಲಿಗೆ ಹೋಲಿಸಿದರೆಂದು ಹೇಳಿ ನಡತೆಯ ಮಾತನ್ನೇ ತಳ್ಳಿಹಾಕುವವರು ಸಿಗುತ್ತಾರೆ. ಅದೇ ವರ್ಷ ರೋಮಾಪುರದವರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನೂ ಅವರು ಓದಲಿ. ನಂಬಿಕೆ ಜೀವಂತವಾದದ್ದು, ಒಳ್ಳೆಯದನ್ನು ಮಾಡದೆ ಅದು ಇರಲಾರದು ಎಂಬ ಮಾತು ಅಲ್ಲಿದೆ.

ನನ್ನದನ್ನೂ ಹೇಳಲೇಬೇಕು. ನಿಮ್ಮ ವಯಸ್ಸಿನಲ್ಲಿ ನೆರೆಮನೆಯ ಅಜ್ಜಿಯಿಂದ ಕೈಗಡ ತಂದಿದ್ದೆ. ಪತ್ರವಿಲ್ಲ, ಸಾಕ್ಷಿಯಿಲ್ಲ. ಅವರು ತೀರಿಕೊಂಡರು, ಮಗನಿಗೆ ವಿಷಯ ತಿಳಿದಿಲ್ಲವೆಂದು ಗೊತ್ತಾಗಿ ಸುಮ್ಮನಾದೆ. ಹನ್ನೊಂದು ತಿಂಗಳು ಕ್ವಾಯರಿನಲ್ಲಿ ಹಾಡಿದೆ, ಕರ್ತನ ಭೋಜನ ತೆಗೆದುಕೊಂಡೆ. ನಂಬಿಕೆ ಗಟ್ಟಿಯಾಗಿದೆ, ಹಣದ ವಿಷಯದಲ್ಲಿ ಮಾತ್ರ ಸ್ವಲ್ಪ ತಪ್ಪಿದ್ದೇನೆ ಅಂದುಕೊಂಡಿದ್ದೆ. ಅದು ಸುಳ್ಳು. ದೇವರು ನನ್ನನ್ನು ಸಾಕುತ್ತಾನೆಂದು ನಾನು ನಂಬಿರಲಿಲ್ಲ, ಆ ಹಣ ಸಾಕುತ್ತದೆಂದು ನಂಬಿದ್ದೆ. ಕೈ ಕೆಡುವ ಮೊದಲೇ ನಂಬಿಕೆ ಕೆಟ್ಟಿತ್ತು. ಕೊನೆಗೊಂದು ಸಂಜೆ ಆ ಅಜ್ಜಿಯ ಮಗನ ಬಳಿಗೆ ಹೋಗಿ, ಎಲ್ಲ ಹೇಳಿ, ಕೊಟ್ಟುಬಂದೆ. ಆತ ಎಣಿಸಲೂ ಇಲ್ಲ, ಒಳಗೆ ಕರೆದು ಕಾಫಿ ಕೊಟ್ಟ.

ಬರುವ ಭಾನುವಾರ ಕರ್ತನ ಭೋಜನವಿದೆ. ಯಾರಿಗಾದರೂ ಹಿಂದಿರುಗಿಸಬೇಕಾದದ್ದಿದ್ದರೆ, ಯಾರ ಬಳಿಯಾದರೂ ಕ್ಷಮೆ ಕೇಳಬೇಕಾಗಿದ್ದರೆ ಶನಿವಾರದೊಳಗೆ ಹೋಗಿ ಬನ್ನಿ. ಒಬ್ಬರೇ ಹೋಗಲು ಕಾಲು ಬಾರದಿದ್ದರೆ ನನಗೆ ಹೇಳಿ, ಜೊತೆಗೆ ಬರುತ್ತೇನೆ.