ಪೆರೆಖ್: ಚಾಟಿ ಇಲ್ಲದ ಕ್ರೌರ್ಯ

ಇವತ್ತು ಒಂದೇ ಒಂದು ಪದ ನೋಡೋಣ. ಬೈಬಲ್ ತೆಗೀರಿ, ಮೊಬೈಲ್‌ನಲ್ಲಾದ್ರೂ ಪರವಾಗಿಲ್ಲ. ವಿಮೋಚನಕಾಂಡ 1ನೇ ಅಧ್ಯಾಯ, 13 ಮತ್ತು 14ನೇ ವಚನ.

ಐಗುಪ್ತ್ಯರು ಇಸ್ರಾಯೇಲ್ಯರ ಕೈಲಿ ಮಣ್ಣಿನ ಕೆಲಸ, ಇಟ್ಟಿಗೆ ಕೆಲಸ, ಹೊಲದ ಕೆಲಸ ಮಾಡಿಸಿದರು. ಹೇಗೆ ಮಾಡಿಸಿದರು ಅನ್ನೋದಕ್ಕೆ ಇಬ್ರಿಯ ಭಾಷೆಯಲ್ಲಿ ಒಂದು ಪದ ಇದೆ: ಪೆರೆಖ್. ಅತಿಯಾದ ಕ್ರೌರ್ಯ ಅಂತ ಅರ್ಥ. ಅರಮಾಯಿಕ್ ಭಾಷೆಯಲ್ಲಿ ಇದೇ ಅಕ್ಷರಗಳ ಕ್ರಿಯಾಪದಕ್ಕೆ ಉಜ್ಜಿ ಪುಡಿ ಮಾಡೋದು ಅನ್ನೋ ಅರ್ಥ ಇದೆ. ಅಂಗೈಯಲ್ಲಿ ತೆನೆ ಉಜ್ಜುತ್ತೀವಲ್ಲ, ಹಾಗೆ ಮನುಷ್ಯನನ್ನು ಉಜ್ಜೋದು.

ಇಡೀ ಹಳೇ ಒಡಂಬಡಿಕೆಯಲ್ಲಿ ಈ ಪದ ಬರೋದು ಆರೇ ಸಲ. ಎರಡು ಸಲ ಫರೋಹನ ದೇಶದಲ್ಲಿ. ಉಳಿದ ನಾಲ್ಕು ಎಲ್ಲಿ ಅಂತ ಹುಡುಕಿದಾಗಲೇ ನನಗೆ ಭಯ ಆಗಿದ್ದು. ಮೂರು ಸಲ ಯಾಜಕಕಾಂಡ 25ರಲ್ಲಿದೆ: 43, 46, 53ನೇ ವಚನ. ಬಡತನದಿಂದ ನಿನ್ನ ಸಹೋದರ ನಿನಗೆ ಆಳಾಗಿ ಬಂದರೆ, ಅವನ ಮೇಲೆ ಪೆರೆಖ್ ನಡೆಸಬೇಡ ಅನ್ನೋ ಆಜ್ಞೆ. 53ರಲ್ಲಿ ಇನ್ನೂ ಮುಂದೆ ಹೋಗುತ್ತೆ: ಪರದೇಶಿ ಯಜಮಾನ ಅವನಿಗೆ ಹಾಗೆ ಮಾಡೋದನ್ನು ನೀನು ನೋಡ್ಕೊಂಡು ಸುಮ್ಮನಿರಬಾರದು. ಆರನೆಯದು ಯೆಹೆಜ್ಕೇಲ 34:4. ಅಲ್ಲಿ ಪೆರೆಖ್ ಮಾಡಿದವರು ಇಸ್ರಾಯೇಲಿನ ಕುರುಬರು, ಅಂದ್ರೆ ನಾಯಕರು. ಐಗುಪ್ತದ ಪದ ದೇವಜನರ ಮನೆಯೊಳಗೇ ಬಂತು.

ಹಾಗಾದ್ರೆ ಪೆರೆಖ್ ಅಂದ್ರೆ ಚಾಟಿ ಏಟಾ? 11ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿದ್ದ ಯೆಹೂದ್ಯ ವ್ಯಾಖ್ಯಾನಕಾರ ರಾಶಿ ಕೊಡೋ ಉದಾಹರಣೆ ತುಂಬಾ ಸಣ್ಣದು. ತನಗೆ ಬೇಕಿಲ್ಲದಿದ್ರೂ ಲೋಟದಲ್ಲಿರೋದನ್ನು ಬಿಸಿ ಮಾಡು ಅಂತ ಆಳಿಗೆ ಹೇಳೋದು. ನಾನು ಬರೋವರೆಗೆ ಈ ದ್ರಾಕ್ಷಿ ಬಳ್ಳಿಯ ಬುಡ ಅಗೀತಿರು ಅನ್ನೋದು. ಅಷ್ಟೇ! ಮುಂದಿನ ಶತಮಾನದ ಮೈಮೊನಿಡೀಸ್ ಇದನ್ನೇ ನಿಯಮವಾಗಿ ಬರೆದರು: ಮಿತಿ ಇಲ್ಲದ ಕೆಲಸ, ಅಗತ್ಯ ಇಲ್ಲದ ಕೆಲಸ, ಇವೇ ಪೆರೆಖ್.

ತಾಲ್ಮುದ್‌ನಲ್ಲಿ ಒಬ್ಬ ರಬ್ಬಿ ಈ ಪದವನ್ನು ಒಡೆದು 'ಪೆ ರಖ್', ಮೆತ್ತಗಿನ ಬಾಯಿ ಅಂತ ಓದುತ್ತಾರೆ. ಅದು ಪದದ ಮೂಲ ಅಲ್ಲ, ಪದದ ಆಟ. ಆದ್ರೆ ಐಟಿ ಕಂಪನಿಯಲ್ಲಿರೋ ನಿಮಗೆ ನಾನು ವಿವರಿಸಬೇಕಾ? ಶುಕ್ರವಾರ ಸಂಜೆ ಏಳು ಗಂಟೆಗೆ ಸ್ಮೈಲಿ ಹಾಕಿಕೊಂಡು ಬರೋ ಮೆಸೇಜ್ ಗೊತ್ತಲ್ಲ.

ಕಂಪನಿ ಬಿಡಿ, ನನ್ನ ವಿಷಯ ಹೇಳ್ತೀನಿ. ಒಬ್ಬ ತಮ್ಮ ನನ್ನ ಜೊತೆ ಮೀಡಿಯಾ ಸೇವೆ ಮಾಡ್ತಿದ್ದ. ಒಂದು ಶನಿವಾರ ರಾತ್ರಿ ಅವನಿಗೆ ಎಲ್ಲಾ ಸ್ಲೈಡ್ ಮತ್ತೆ ಮಾಡು ಅಂದೆ. ನನಗೆ ಅವು ಬೇಕಿರಲಿಲ್ಲ. ಹಿಂದಿನ ವಾರ ಅವನು ಲೇಟಾಗಿ ಬಂದಿದ್ದ, ಆ ಸಿಟ್ಟು ಇತ್ತು. ನಾನೇನು ಬೈಯಲಿಲ್ಲ. "ತಮ್ಮಾ, ಕರ್ತನ ಕೆಲಸ ಅಲ್ವಾ" ಅಂತ ಮೆತ್ತಗೇ ಹೇಳಿದೆ. ರಾತ್ರಿ ಎರಡಕ್ಕೆ ಕಳಿಸಿದ. ಬೆಳಿಗ್ಗೆ ನಾನು ಫೈಲ್ ತೆರೆಯಲೂ ಇಲ್ಲ.

ಕೆಲವು ತಿಂಗಳಲ್ಲಿ ಅವನು ಸಭೆಗೆ ಬರೋದು ನಿಲ್ಲಿಸಿದ. ಲೋಕದ ಕಡೆ ಹೋದ ಅಂತ ನಾನೇ ಅವನಿಗಾಗಿ ಪ್ರಾರ್ಥನೆ ಮಾಡಿಸಿದೆ! ಈ ಪಾಠ ತಯಾರು ಮಾಡುವಾಗ ಯೆಹೆಜ್ಕೇಲದಲ್ಲಿ ಮುಂದಕ್ಕೆ ಹೋಗೋಕಾಗಲಿಲ್ಲ. ಫೋನ್ ಮಾಡಿ ಕ್ಷಮೆ ಕೇಳಿದೆ. "ನೀವು ಅದನ್ನ ಯೂಸ್ ಮಾಡಲ್ಲ ಅಂತ ಆವತ್ತೇ ಗೊತ್ತಿತ್ತು ಪಾಸ್ಟರ್" ಅಂದ. ವಾಪಸ್ ಬಾ ಅಂತ ನಾನು ಕರೀಲಿಲ್ಲ. ಕರೆಯೋ ಹಕ್ಕು ಸದ್ಯಕ್ಕೆ ನನಗಿಲ್ಲ.

ಪ್ರಾರ್ಥನೆಗೆ ಮುಂಚೆ ಎರಡು ನಿಮಿಷ ಸುಮ್ಮನೆ ಕೂತ್ಕೊಳ್ಳೋಣ. ಮನೆಕೆಲಸದ ಅಕ್ಕ ಇರಬಹುದು, ನಿಮ್ಮ ಕೈಕೆಳಗಿನ ಫ್ರೆಶರ್ ಇರಬಹುದು. ಯಾರದಾದ್ರೂ ಮುಖ ನೆನಪಿಗೆ ಬಂದ್ರೆ, ಹೊರಗೆ ಹೋಗಿ ಫೋನ್ ಮಾಡಿ ಬನ್ನಿ. ನಾವು ಕಾಯ್ತೀವಿ.